ಅಂದಾನೆಪ್ಪ ನೋಡಿ ಬಂದ ದೇಶಗಳು

ಗೋಡೆಗೆ ಒರಗಿಸಿ ಕೂಡಿಸಿದ್ದ ಅಂದಾನೆಪ್ಪನ ಹೆಣದ ತಲೆ ಮತ್ತೆ ಎಡಕ್ಕೆ ವಾಲಿತು. ಅಯ್ಯನವರಾದ ಬಸಲಿಂಗಯ್ಯ ಗಲ್ಲ ಎತ್ತಿ ಹಿಡಿದು, ಬಿಳಿ ಬಟ್ಟೆಯ ಸೀಳನ್ನು ಹಣೆಗೆ ಸುತ್ತಿ, ಮೇಲಿನ ಗೂಟದತ್ತ ಎಳೆದರು.

"ನಾಗಲಿಂಗಪ್ಪಾ, ಈ ತುದಿ ಬಿಗೀರಿ."

ಸನವಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ನಾಗಲಿಂಗಪ್ಪ ಬಾಗಿಲ ಚೌಕಟ್ಟು ಬಿಟ್ಟು ಅಲುಗಲಿಲ್ಲ. ಸತ್ತವನು ಅವನ ತಂಗಿಯ ಗಂಡ.

"ಬ್ಯಾರೆ ಯಾರನ್ನರ ಕರೀರಿ ಅಯ್ಯನೋರ. ಮಣ್ಣು ಕೊಡಾಕ ಬಂದೇನಿ. ಹೆಗಲು ಕೊಡೂದುಲ್ಲ."

"ಅಣ್ಣಾ, ಇವತ್ತರ ಸುಮ್ಮಿರು," ಎಂದಳು ಹೆಣದ ಪಕ್ಕ ಕೂತಿದ್ದ ಕಾಶೆವ್ವ.

"ಯಾಕ ಸುಮ್ಮಿರ್ಲಿ? ನೀ ಈ ನಾಕು ಗ್ವಾಡಿ ನಡುವ ತೆವಳಿಕೋತ ಇದ್ದಿ. ಈತ ಕಾಶಿ ಅಂದಾ, ಸಿಲೋನ್ ಅಂದಾ, ನೇಪಾಳ ಅಂದಾ. ನಡ್ಯಾಕ ಬಾರದ ಹೆಂಡ್ತೀನ ಬಿಟ್ಟು ತಿರಗ್ಯಾಡಾಂವಗ ಮಂದಿ ದೇಶಾಂತರಿ ಅಂತ ಹೆಸರಿಟ್ಟಿತ್ತು. ಸಂತ್ಯಾಗ ತಲಿ ಎತ್ತಿ ನಡ್ಯಾಕ ಆಗ್ತಿರಲಿಲ್ಲ ನನಗ."

ನೆರೆದವರಲ್ಲಿ ಯಾರೋ ಮುಂದೆ ಬಂದು ಬಟ್ಟೆಯ ತುದಿಯನ್ನು ಗೂಟಕ್ಕೆ ಬಿಗಿದರು. ತಲೆ ನೆಟ್ಟಗೆ ನಿಂತಿತು.

*

ಮದುವೆಯಾದ ಮರುವರ್ಷ ಕಾಶೆವ್ವ ಅಟ್ಟದ ಏಣಿಯಿಂದ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಮುರಿದ ಎಲುಬು ಡೊಂಕಾಗಿ ಕೂಡಿತು. ಅಡಿಗೆಮನೆಯಿಂದ ಪಡಸಾಲೆಗೆ ಗೋಡೆ ಹಿಡಿದು ಬರುವಷ್ಟೇ ಅವಳ ನಡಿಗೆ. ಮಕ್ಕಳಾಗಲಿಲ್ಲ. ಹಳಿಯಾಳದ ಪೇಟೆಯಲ್ಲಿ ಹಗ್ಗ ಕಣ್ಣಿ ಮಾರುವ ಅಂದಾನೆಪ್ಪ ಇನ್ನೊಂದು ಮದುವೆಯ ಮಾತೆತ್ತಲಿಲ್ಲ.

ಪಡಸಾಲೆಯಲ್ಲಿ ಕೂತು ಕಾಶೆವ್ವ ಬಂದವರನ್ನೆಲ್ಲ ಕೇಳುತ್ತಿದ್ದಳು. ಬಳೆಗಾರ, ಬುಟ್ಟಿಯವಳು, ದಾರಿ ತಪ್ಪಿದ ಗೋಸಾವಿ, ಯಾರೇ ಬರಲಿ, ನಿಮ್ಮೂರ ಕಡೆ ಹೊಳೆ ಐತೇನು, ಅದರ ನೀರು ಯಾವ ಬಣ್ಣ, ಹೆಂಗಸರು ಸೀರೆ ಹೆಂಗ ಉಡ್ತಾರ? ಕೇಳಿ ಕೇಳಿ ಅವರ ಚಹಾ ಆರಿಹೋಗುತ್ತಿತ್ತು.

ಒಂದು ಬೇಸಿಗೆ ಬೆಳಗಾವಿ ಕಡೆಯ ಯಾತ್ರಾ ಕಂಪನಿಯವನೊಬ್ಬ ಪೇಟೆಯಲ್ಲಿ ಬಟ್ಟೆಯ ಫಲಕ ಕಟ್ಟಿದ. ಕಾಶಿ ಯಾತ್ರೆಗೆ ಅಗ್ಗದ ದರ, ಊಟ ವಸತಿ ಅವರದೇ, ಮುಂದೆ ಕೆಂಪು ನಿಶಾನೆ ಹಿಡಿದು ದಾರಿ ತೋರಿಸುವ ಮನುಷ್ಯ. ಅಂದಾನೆಪ್ಪ ಆ ಸುದ್ದಿಯನ್ನು ಊಟಕ್ಕೆ ಕೂತಾಗ ಸುಮ್ಮನೆ ಹೇಳಿದ. ಬಡಿಸುತ್ತಿದ್ದ ಕಾಶೆವ್ವನ ಸೌಟು ನಿಂತಿತು.

"ನೀವರ ಹೋಗಿ ಬರ್ರಿ," ಎಂದಳು. "ನನ್ನ ಹೆಸರಾಗಷ್ಟ ಕಾಶಿ ಐತಿ."

ಅವನು ಹೋದ. ತಿಂಗಳೊಪ್ಪತ್ತಿಗೆ ಅರ್ಧ ಆಳಾಗಿ ಬಂದ. ಬಂದವನು ಮಳೆಗಾಲ ಮುಗಿಯುವವರೆಗೂ ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕಾಶಿಯ ಕತೆಯನ್ನು ಅವಳಿಗೆ ಸ್ವಲ್ಪ ಸ್ವಲ್ಪವಾಗಿ ಹೇಳಿದ. ಮುಂದಿನ ಬೇಸಿಗೆ ಮತ್ತೆ ಫಲಕ ಬಂತು. ಈ ಸಲ ರಾಮೇಶ್ವರ ದಾಟಿ ಸಿಲೋನ್. ಅದರ ಮುಂದಿನದು ನೇಪಾಳ.

*

ಮಧ್ಯಾಹ್ನದ ಹೊತ್ತಿಗೆ ಹೊರಗೆ ಹೆಣ ಕೂಡಿಸಿ ಒಯ್ಯುವ ವಿಮಾನಕ್ಕೆ ಬಾಳೆಯ ದಿಂಡು ಕಟ್ಟುತ್ತಿದ್ದರು. ಅಷ್ಟರಲ್ಲಿ ಹಣೆ ತುಂಬ ಬೆವರಿದ್ದ ದಪ್ಪನೆಯ ಮುದುಕಿಯೊಬ್ಬಳು ಬಂದಳು. ಹೆಣದ ಕಾಲು ಮುಟ್ಟಿ ಕಾಶೆವ್ವನ ಕೈ ಹಿಡಿದಳು.

"ನಾ ಗೋದುಬಾಯಿ. ದಾಂಡೇಲ್ಯಾಗ ಮಗನ ಕಡೆ ಇರ್ತೇನಿ. ಮೂರೂ ಯಾತ್ರಾದಾಗ ನಿನ್ನ ಗಂಡನ ಜೋಡಿ ಇದ್ದೆ."

ಕಾಶೆವ್ವ ಆ ಮುಖವನ್ನೇ ನೋಡಿದಳು. "ಅವರು ಹೇಳತಿದ್ರು. ಕಾಶ್ಯಾಗ ಹರಿಶ್ಚಂದ್ರ ಘಾಟಿನ ಮ್ಯಾಲ ಹೆಗಲಿಗೆ ಗಿಳಿ ಕುಂದರಿಸ್ಕೊಂಡು ಒಬ್ಬ ಪೈಲವಾನ ಅಳಕೋತ ನಿಂತಿದ್ನಂತಲ್ಲ..."

"ಅಗಬಾಯಿ! ಆ ಗಿಳಿ ನಾ ನೋಡಿದ್ದು!" ಎಂದಳು ಗೋದುಬಾಯಿ. ಎಂದವಳು ಬಾಯಿಗೆ ಸೆರಗು ಒತ್ತಿಕೊಂಡಳು.

"ಅವರೂ ನೋಡಿರಬೇಕು."

ಗೋದುಬಾಯಿ ಹೆಣದ ಕಡೆ ಒಮ್ಮೆ ನೋಡಿದಳು, ಅಪ್ಪಣೆ ಕೇಳುವವಳಂತೆ.

"ಇಲ್ಲ ತಂಗಿ. ಅವ ಅವತ್ತು ಧರ್ಮಶಾಲಿಯೊಳಗ ಮಲಗಿದ್ದ. ಗಾಡಿ ಹತ್ತಿದ್ರ ಅವಗ ವಾಂತಿ. ರೈಲಾಗ ವಾಂತಿ, ಬಸ್ಸಿನಾಗ ವಾಂತಿ. ಸಿಲೋನಿಗೆ ಹೋಗೂ ಹಡಗಿನಾಗ ಬಕೀಟು ತಬ್ಬಿಕೊಂಡು ಕುಂತಾಂವ, ಇಳಿಸೂಮುಂದ ಇಬ್ಬರು ಹಿಡಿದು ಇಳಿಸಬೇಕಾತು. ಅಲ್ಲಿ ಕ್ಯಾಂಡಿ ಊರಾಗ ನಾವೆಲ್ಲಾ ಗುಡಿಗೆ ಹೋದ್ರ ಇವ ತಲಿಗೆ ಒದ್ದಿ ಅರಬಿ ಕಟಗೊಂಡು ಸಾಮಾನ ಕಾಯಕೋತ ಬಿದ್ದಿದ್ದ."

"ಮತ್ತ ಕ್ಯಾಂಡಿ ಆನಿ? ಅದರ ಕಿವ್ಯಾಗ ಗುಬ್ಬಿಯಷ್ಟು ಹೂವು ಸಿಗಿಸಿದ್ರಂತ..."

"ಅದು ನಮ್ಮ ಜೋಡಿ ಇದ್ದ ಸವದತ್ತಿ ಶಂಕ್ರವ್ವ ನೋಡಿದ್ದು. ಸಂಜಿ ಆದಕೂಡ್ಲೆ ಎದ್ದು ಎಲ್ಲಾರ ಕಡೆ ಬರತಿದ್ದ. ಅಕ್ಕಾರ, ಏನೇನು ನೋಡಿದ್ರಿ? ಬಾಗಲಾ ಯಾವ ಬಣ್ಣದ್ದು? ವಾಸನಿ ಹೆಂಗಿತ್ತು? ಕಾಲು ನೋಯತಿದ್ವು ನಮಗ. ನಾ ಒಮ್ಮೆ ಬೈದೆ, ಇಷ್ಟು ಕಷ್ಟಾ ಇದ್ರ ಯಾಕ ಬರ್ತೀಯೋ ಮಾರಾಯಾ, ಮನ್ಯಾಗ ಬಿದ್ದಿರಬಾರದ ಅಂತ."

"ಏನಂದ್ರು?"

"ನಾ ಬರದಿದ್ರ ನನ್ನ ಕಾಶಿ ಏನ್ ನೋಡ್ಯಾಳ್ರಿ, ಅಂದ."

ಬಾಗಿಲಲ್ಲಿ ನಿಂತಿದ್ದ ನಾಗಲಿಂಗಪ್ಪ ಹೊರಗೆ ಮುಖ ತಿರುಗಿಸಿದ.

ಕಾಶೆವ್ವನಿಗೆ ಬೆಳಗಿನಿಂದ ಬಾರದಿದ್ದ ಅಳು ಈಗಲೂ ಬರಲಿಲ್ಲ. ಸಿಟ್ಟು ಬಂತು. "ಅವರಿಗೆ ತಿರಗೂ ಹುಚ್ಚು ಅಂತ ತಿಳಿದಿದ್ದೆ ನಾ. ಹೋಗಬ್ಯಾಡ್ರಿ ಅಂತ ಬಾಯಿತನಕ ಬರತಿತ್ತು. ನುಂಗಿ, ಬುತ್ತಿ ಕಟ್ಟಿ ಕೊಡತಿದ್ದೆ. ಒಂದ ಮಾತು ಹೇಳಬಾರದಾಗಿತ್ತೇನು ಈ ಮನಶ್ಯಾ?" ಎಂದು ಹೆಣದ ಮೊಣಕಾಲನ್ನು ಹಿಡಿದು ಅಲುಗಾಡಿಸಿದಳು. ಹೆಂಗಸರು ಅವಳ ಕೈ ಬಿಡಿಸಿದರು.

ಸ್ವಲ್ಪ ಹೊತ್ತಿನ ಮೇಲೆ ಅವಳು ದನಿ ತಗ್ಗಿಸಿ ಕೇಳಿದಳು. "ನೇಪಾಳದ ಘಟ್ಟದಾಗ ಏನಾತು? ಎಲ್ಲಾ ಹೇಳಾಂವರು ಅಲ್ಲಿಗೆ ಬಂದಕೂಡ್ಲೆ ನಿಲ್ಲಸತಿದ್ರು. ಎದ್ದು ಹೊರಗ ಹೋಗತಿದ್ರು. ಅಲ್ಲೇನೋ ನನ್ನಿಂದ ಮುಚ್ಚಿಟ್ಟಾರ, ಯಾರೋ ಸಿಕ್ಕಿರಬೇಕು ಅಂತ ಎರಡು ವರ್ಷ ಒಳಗೊಳಗ ಉರದೇನಿ." ಗೋದುಬಾಯಿ ಅವಳ ಹತ್ತಿರ ಸರಿದು ಹೇಳತೊಡಗಿದಳು.

*

ಘಟ್ಟದ ನೆತ್ತಿಯಲ್ಲಿ ಬಸ್ಸಿನ ಎಂಜಿನ್ ಕಾದು ನಿಂತಿತ್ತು. ನಸುಕಿನ ಚಳಿಗೆ ಯಾತ್ರಿಕರೆಲ್ಲ ಕಂಬಳಿಯೊಳಗೆ ತಲೆ ಹುದುಗಿಸಿದ್ದರು. ಕೆಂಪು ನಿಶಾನೆಯವನೂ ಗೊರಕೆ ಹೊಡೆಯುತ್ತಿದ್ದ. ಅಂದಾನೆಪ್ಪ ವಾಂತಿ ಮಾಡಲು ಇಳಿದ. ಬೀಳುತ್ತಾನೆಂದು ಹೆದರಿ ಗೋದುಬಾಯಿಯೂ ಹಿಂದೆ ಇಳಿದಳು.

ಅವನು ರಸ್ತೆಯಂಚಿನ ಕಲ್ಲು ಹಿಡಿದು ಬಗ್ಗಿ, ಬಾಯಿ ಒರೆಸಿಕೊಂಡು ತಲೆ ಎತ್ತಿದ. ಎದುರಿಗೆ ಮಂಜು ಹರಿದು ಹಿಮದ ಬೆಟ್ಟಗಳ ಸಾಲು ನಿಂತಿತ್ತು. ಬಿಸಿಲು ತುದಿಗಳಿಗಷ್ಟೇ ಮುಟ್ಟಿತ್ತು. ಅವನ ರುಮಾಲು ಜಾರಿ ಬಿದ್ದುದೂ ಅವನಿಗೆ ತಿಳಿಯಲಿಲ್ಲ.

"ಇದನ್ನರ ನೀನ ನೋಡಿದೆಪಾ, ಕಾಶೆವ್ವಗ ಹೇಳು," ಎಂದಳು ಗೋದುಬಾಯಿ.

ಅವನು ಬಾಯಿ ತೆರೆದ. ಬೆಳ್ಳಗೆ ಎನ್ನಲು ಹೋದ, ಅದು ಬಿಳಿಯಲ್ಲ. ದೊಡ್ಡದು ಎನ್ನಲು ಹೋದ, ಆ ಮಾತೂ ಸಾಲಲಿಲ್ಲ. ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟ.

"ಆಕಿ ಇಲ್ಲಿ ಇರಬೇಕಿತ್ರಿ ಅಕ್ಕಾರ," ಎಂದು ಸಣ್ಣ ಹುಡುಗನಂತೆ ಅತ್ತ.

*

ವಿಮಾನ ಸಿದ್ಧವಾಗಿತ್ತು. ವಿಭೂತಿ ಹಚ್ಚಿದ ಅಂದಾನೆಪ್ಪನನ್ನು ಅದರೊಳಗೆ ಕೂಡಿಸಿ ಬಸಲಿಂಗಯ್ಯ ಹೆಗಲಿಗೆ ಜನರನ್ನು ಕರೆದರು. ಎಲ್ಲರಿಗಿಂತ ಮೊದಲು ನಾಗಲಿಂಗಪ್ಪ ಹೋಗಿ ಮುಂದಿನ ಬಿದಿರಿಗೆ ಹೆಗಲು ಕೊಟ್ಟ.

"ನಾನೂ ಬರ್ತೇನಿ," ಎಂದಳು ಕಾಶೆವ್ವ.

"ಗಾಡಿ ಕುಲಕಿದ್ರ ಸೊಂಟ ತಡಿಯೂದುಲ್ಲವ್ವಾ," ಎಂದರು ಅಯ್ಯನವರು.

"ತಡೀತೈತಿ. ಹೋಗೂಣು ನಡೀರಿ."

ನೆರೆಮನೆಯ ಚಕ್ಕಡಿಗೆ ಹುಲ್ಲು ಹಾಸಿದರು. ಗೋದುಬಾಯಿ ಮತ್ತು ಇನ್ನಿಬ್ಬರು ಅವಳನ್ನು ಎತ್ತಿ ಕೂಡಿಸಿದರು. ಮುಂದೆ ಭಜನೆಯವರು, ನಡುವೆ ವಿಮಾನ, ಅದರ ಬೆನ್ನಿಗೇ ಚಕ್ಕಡಿ.

ಪೇಟೆ ದಾಟಿತು. ಕಾಶೆವ್ವ ಹಲ್ಲು ಕಚ್ಚಿ ಚಕ್ಕಡಿಯ ಅಂಚಿನ ಕಟ್ಟಿಗೆ ಹಿಡಿದು ಕೂತಿದ್ದಳು. ಊರು ಇಷ್ಟು ಬೆಳೆದದ್ದು ಅವಳಿಗೆ ಗೊತ್ತಿರಲಿಲ್ಲ. ದಾಂಡೇಲಿಯ ಕಾಗದದ ಗಿರಣಿಗೆ ಹೋಗುವ ಬಿದಿರಿನ ಲಾರಿಯೊಂದು ಮೆರವಣಿಗೆಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತಿತು. ಲಾರಿಯಿಂದ ಹೊರಚಾಚಿದ ಬಿದಿರಿನ ತುದಿಗಳು ನೆಲಕ್ಕೆ ತಾಗಿ ಧೂಳಿನಲ್ಲಿ ಗೆರೆ ಎಳೆದಿದ್ದವು.

ಅವಳು ಮುಂದಕ್ಕೆ ಬಾಗಿದಳು. ಬಾಳೆಯೆಲೆಗಳ ನಡುವೆ ಗಂಡನ ಬೆನ್ನು ಕಾಣುತ್ತಿತ್ತು.

"ಬಿದರಿನ ಲಾರಿ ಐತ್ರಿ," ಎಂದಳು ಮೆಲ್ಲಗೆ. "ಹಸರ ಬಿದರು. ಇನ್ನೂ ಎಲಿ ಅದಾವ ತುದೀಗೆ. ಡ್ರೈವರ್ ಇಳದು ಟೊಪಗಿ ತಗದು ನಿಂತಾನ. ಈಗ ಕೆರಿ ಬಂತು. ನೀರ ಮ್ಯಾಲ ಏನೋ ನೀಲಿ ಹೂ ಬಿಟ್ಟಾವ. ಒಂದು ಎಮ್ಮಿ ನಡುವ ನಿಂತೈತಿ, ಅದರ ಬೆನ್ನ ಮ್ಯಾಲ ಬೆಳ್ಳಕ್ಕಿ..."

ಚಕ್ಕಡಿ ಹೊಡೆಯುವವನು ಹಗ್ಗ ಬಿಗಿಹಿಡಿದು ಎತ್ತುಗಳನ್ನು ನಿಧಾನಿಸಿದ.