ಎಡಗಾಲಿನ ಹೆಬ್ಬೆರಳು

"ಬೀಡಿ ಬೇಕೋ, ಕಾಲು ಬೇಕೋ ಹೇಳ್ರಿ. ಎರಡೂ ಸಿಗಂಗಿಲ್ಲ."

ದಾವಣಗೆರೆಯ ಡಾಕ್ಟರ್ ಮಹಾಂತೇಶ್ ಇಷ್ಟು ಹೇಳಿ ಕೈ ತೊಳೆಯಲು ಎದ್ದರು. ಕರಿಬಸವರಾಜ ಮೇಜಿನ ಮೇಲೆ ಎಡಗಾಲು ಚಾಚಿ ಕುಳಿತಿದ್ದ. ಅವನು ಹರಿಹರದ ದರ್ಜಿ. ಮೀಸೆ ಮೂಡುವ ಮೊದಲೇ ಬೀಡಿ ಹಚ್ಚಿದವನು, ಈಗ ನಲವತ್ತರ ಹತ್ತಿರ. ಹೊಲಿಗೆ ಯಂತ್ರ ತುಳಿಯುವ ಆ ಕಾಲಿನ ಹೆಬ್ಬೆರಳು ಬೇಸಿಗೆಯ ಬಿಸಿಲಲ್ಲೂ ತಣ್ಣಗೆ ಕೊರೆಯುತ್ತಿತ್ತು, ನೀಲಿಗಟ್ಟಿತ್ತು, ಉಗುರಿನ ಪಕ್ಕ ಹುಣ್ಣಾಗಿತ್ತು. ಚಪ್ಪಲಿ ಕಚ್ಚಿದ್ದು ಅಂತ ಅರಿಶಿನ ಮೆತ್ತಿಕೊಂಡು ಓಡಾಡಿದ್ದ ಪುಣ್ಯಾತ್ಮ. ಚಪ್ಪಲಿಯಲ್ಲವಂತೆ, ಬೀಡಿಯಂತೆ. ಬೀಡಿಯ ವಿಷಕ್ಕೆ ಕಾಲಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತಾ ಬರುತ್ತವೆ. ಮೊದಲು ಬೆರಳು ಕಪ್ಪಾಗುತ್ತದೆ, ಆಮೇಲೆ ಪಾದ. ಆಮೇಲೆ ಮೊಣಕಾಲಿನ ತನಕ ಕತ್ತರಿಸುತ್ತಾ ಹೋಗಬೇಕಾಗುತ್ತದೆ.

"ಕಮ್ಮಿ ಮಾಡ್ತೀನ್ರಿ ಸಾರ್. ಊಟ ಆದ ಮ್ಯಾಲೆ ಒಂದೇ ಒಂದು..."

"ಒಂದೂ ಇಲ್ಲ. ಸ್ಮೋಕಿಂಗ್ ಫುಲ್ ಬಂದ್. ಬಿಟ್ರೆ ಕಾಲಿನ ರಕ್ತ ತಾನೇ ಬೇರೆ ದಾರಿ ಹುಡುಕ್ಕೋತೈತೆ. ಸೇದ್ತಾ ಇದ್ರೆ ನನ್ನ ಗುಳಿಗೆ ತೂತು ಕೊಡಕ್ಕೆ ನೀರು ಹೊಯ್ದಂಗೆ."

ಪಕ್ಕದಲ್ಲಿದ್ದ ಹೆಂಡತಿ ಆಶಾರಾಣಿ ಗಂಡನ ಜೇಬಿಗೆ ಕೈ ಹಾಕಿದಳು. ಬೀಡಿ ಕಟ್ಟನ್ನು ಈಚೆ ತೆಗೆದು ಡಾಕ್ಟರ ಕಸದ ಬುಟ್ಟಿಗೆ ಎಸೆದಳು. ಅವನು ಆ ಬುಟ್ಟಿಯನ್ನೇ ನೋಡುತ್ತಾ ಎದ್ದ.

ಬೀಡಿ ಬಿಡುವುದೇನು ಮಹಾ ಅನ್ನುವ ದೊಡ್ಡ ಮನುಷ್ಯರು ಇರುತ್ತಾರಲ್ಲ, ಅವರನ್ನು ಆ ವಾರ ಕರಿಬಸವರಾಜನ ಅಂಗಡಿಯಲ್ಲಿ ಕೂರಿಸಬೇಕಿತ್ತು. ಶಾಲೆ ಶುರುವಾಗುವ ಹೊತ್ತು. ನೀಲಿ ಚಡ್ಡಿ, ಬಿಳಿ ಅಂಗಿಗಳ ರಾಶಿ ಬಿದ್ದಿದೆ, ಇವನಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿಲ್ಲ, ಕೈ ಆ ಪರಿ ನಡುಗುತ್ತಿದೆ. ಕಾಲರ್ ಸರಿ ಬಂದಿಲ್ಲ ಅಂದ ಗಿರಾಕಿಯ ಎದುರೇ ಕಾಲರನ್ನು ಕತ್ತರಿಸಿ ಅವನ ಕೈಗೆ ಕೊಟ್ಟು ಕಳಿಸಿದ. ನಿದ್ದೆ ಹಾರಿಹೋಯಿತು, ಹೊಟ್ಟೆ ಕಟ್ಟಿತು. ಸೇದುವಾಗ ಇಲ್ಲದ ಕೆಮ್ಮು ಬಿಟ್ಟ ಮೇಲೆ ಹತ್ತಿಕೊಂಡಿತು, ಕಫ ಕರ್ರಗೆ ಬೀಳತೊಡಗಿತು. ಎದೆ ಕಸ ಗುಡಿಸಿಕೊಳ್ಳುತ್ತದೆ, ಹೆದರಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದರೇನು, ಕೆಮ್ಮುವವನಿಗೆ ಗೊತ್ತು ಅದರ ಭಯ.

ಆಶಾರಾಣಿ ಕಾವಲು ನಿಂತಳು. ಅಂಗಡಿಯಿಂದ ಬಂದವನನ್ನು ಹೊಸ್ತಿಲಲ್ಲೇ ತಡೆದು "ಬಾಯಿ ಊದ್ರಿ" ಅನ್ನುವಳು. ಊದಿ, ವಾಸನೆ ನೋಡಿಸಿಕೊಂಡ ಮೇಲೆಯೇ ಒಳಗೆ ಪ್ರವೇಶ. ಉಗುರು ಬೆಚ್ಚಗಿನ ನೀರಲ್ಲಿ ಅವನ ಕಾಲು ತೊಳೆದು, ಬೆರಳ ಸಂದಿಯೆಲ್ಲ ಒರೆಸಿ, ಹಳೆ ಸ್ವೆಟರಿನ ತುಂಡಿನಿಂದ ತಾನೇ ಹೊಲಿದ ಕಾಲುಚೀಲ ಹಾಕುವಳು. ಬೀಡಿ ನೆನಪಾದಾಗ ಬಾಯಿಗೆ ಹಾಕಿಕೊಳ್ಳಲಿ ಅಂತ ಕಲ್ಲುಸಕ್ಕರೆ ಕೊಟ್ಟು ಕಳಿಸುವಳು. ದಿನಾ ನಡೆಯಬೇಕು ಅಂತ ಡಾಕ್ಟರು ಹೇಳಿದ್ದರಿಂದ ಸಂಜೆ ಅವನು ದೇವಸ್ಥಾನದ ರಸ್ತೆಯಲ್ಲಿ ನಡೆಯುತ್ತಿದ್ದ. ಮೀನಖಂಡ ಹಿಡಿದುಕೊಂಡಾಗ ಯಾವುದಾದರೂ ಕಟ್ಟೆಯ ಮೇಲೆ ಕೂತು, ನೋವು ಇಳಿದ ಮೇಲೆ ಮತ್ತೆ ಏಳುತ್ತಿದ್ದ.

ಮನೆಯಲ್ಲಿ ಇನ್ನೊಬ್ಬರಿದ್ದರು, ಅವನ ತಾಯಿ ಕೊಟ್ರವ್ವ. ಮಗ ಒಂದೊಂದು ಸಲ ಕೆಮ್ಮಿದಾಗಲೂ ಆಕೆಯ ಜೀವ ಹಾರಿ ಬೀಳುತ್ತಿತ್ತು. ಆಕೆಗೂ ಒಂದು ಚಟವಿತ್ತು, ಆದರೆ ಮನೆಯಲ್ಲಿ ಯಾರೂ ಅದನ್ನು ಚಟ ಅಂದಿರಲಿಲ್ಲ. ಹೊಗೆಸೊಪ್ಪನ್ನು ಹೆಂಚಿನ ಮೇಲೆ ಹುರಿದು, ಪುಡಿ ಮಾಡಿ, ಹಿತ್ತಾಳೆ ಡಬ್ಬಿಯಲ್ಲಿ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಅದರಿಂದಲೇ ಹಲ್ಲು ತಿಕ್ಕುವುದು. ಓರಗೆಯ ಹೆಂಗಸರೆಲ್ಲ ತಿಕ್ಕುತ್ತಿದ್ದರು, ಇವಳೂ ತಿಕ್ಕಿದಳು, ಅಷ್ಟೇ.

"ಲೇ ಬಸು, ಒಂದೇ ಒಂದು ಸೇದಪ್ಪ" ಎಂದು ಒಂದು ದಿನ ಕೈಮುಗಿದೇಬಿಟ್ಟಳು. "ನಿಮ್ಮಪ್ಪನೂ ಹಿಂಗೇ ಬಿಟ್ರು, ಹಿಂಗೇ ಕೆಮ್ಮಿದ್ರು. ತಿಂಗಳು ತುಂಬಲಿಲ್ಲ, ಹೋಗೇಬಿಟ್ರು. ಬೀಡಿ ಬಿಟ್ಟಿದ್ದೇ ಅವರನ್ನ ತಿಂತು."

"ಅತ್ತಿ, ನೀವೇ ಹಿಂಗಂದ್ರೆ ಹೆಂಗ್ರಿ? ಕಾಲು ಹೋಗ್ತೈತೆ ಅಂದಾರೆ ಡಾಕ್ಟ್ರು!" ಎಂದು ಆಶಾರಾಣಿ ಹರಿಹಾಯ್ದಳು. ಕೊಟ್ರವ್ವ ಮತ್ತೆ ಆ ಮಾತೆತ್ತಲಿಲ್ಲ.

ಎರಡು ದಿನ ಬಿಟ್ಟು ಮಗನ ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. "ಲವಂಗ, ಉಪ್ಪು, ಇದ್ದಿಲು ಹಾಕಿ ಕುಟ್ಟೀನಿ. ಬೀಡಿ ನೆನಪಾದಾಗ ಇದರಿಂದ ಹಲ್ಲು ತಿಕ್ಕು. ಬಾಯಿಗೆ ಕೆಲಸ ಇದ್ರೆ ಮನಸು ಆ ಕಡೆ ಹೋಗಂಗಿಲ್ಲ."

ತಾಯಿಯ ಮಾತು ಮಂತ್ರದಂತೆ ಕೆಲಸ ಮಾಡಿತು. ಒಂದೆರಡು ದಿನದಲ್ಲಿ ನಡುಕ ನಿಂತಿತು, ನಿದ್ದೆ ಬಂತು. ಬೆಳಿಗ್ಗೆ ತಿಕ್ಕಿದ, ಉಂಡ ಮೇಲೆ ತಿಕ್ಕಿದ. ಆಮೇಲೆ ಡಬ್ಬಿಯನ್ನು ಅಂಗಡಿಗೇ ಒಯ್ದ. ಗೆದ್ದೆ ಅಂದುಕೊಂಡ. ಆಶಾರಾಣಿ ಕೂಡ ನಕ್ಕಳು.

ಕಾಲು ಮಾತ್ರ ನಗಲಿಲ್ಲ. ಹುಣ್ಣು ಅಗಲವಾಯಿತು, ಬೆರಳ ತುದಿ ಇದ್ದಿಲಿನಂತೆ ಕಪ್ಪಾಯಿತು. ಕಾಲು ಮೇಲಿಟ್ಟು ಮಲಗಿದರೆ ಪ್ರಾಣ ಹೋಗುವಷ್ಟು ನೋವು. ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡೇ ಕಣ್ಣು ಮುಚ್ಚುತ್ತಿದ್ದ. ಮುಂದಿನ ಸಲ ದಾವಣಗೆರೆಗೆ ಹೋದಾಗ ಡಾಕ್ಟರು ಕಾಲನ್ನು ನೋಡಿದರು, ಆಮೇಲೆ ಅವನ ಮುಖವನ್ನು ನೋಡಿದರು.

"ಸೇದ್ತಾ ಇದ್ದೀರಿ ನೀವು."

"ಇಲ್ರಿ ಸಾರ್! ದೇವರಾಣೆ ಮುಟ್ಟಿಲ್ಲ!"

"ಬಾಯಿ ಸುಳ್ಳು ಹೇಳ್ತೈತ್ರಿ, ಕಾಲು ಹೇಳಂಗಿಲ್ಲ."

ಕರಿಬಸವರಾಜ ಅಂಗಿಯೊಳಗೆ ಕೈ ಹಾಕಿ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡ. "ಲಿಂಗ ಮುಟ್ಟಿ ಹೇಳ್ತೀನಿ. ನಾನು ಸೇದಿಲ್ಲ." ಲಿಂಗ ಮುಟ್ಟಿ ಸುಳ್ಳಾಡುವುದು ಅವರ ಮನೆತನದಲ್ಲಿ ಕೇಳರಿಯದ ಮಾತು.

ಡಾಕ್ಟರು ನಿಟ್ಟುಸಿರು ಬಿಟ್ಟರು. "ಇನ್ನು ಮೂರು ವಾರ ನೋಡ್ತೀನಿ. ಕಪ್ಪು ಮೇಲಕ್ಕೆ ಹತ್ತಿದ್ರೆ ಮುಂಗಾಲು ತೆಗೀಲೇಬೇಕು. ನಂಗೆ ಬೇರೆ ದಾರಿ ಇಲ್ಲ."

ಹರಿಹರದಲ್ಲಿ ಇಳಿದವಳೇ ಆಶಾರಾಣಿ ನೆಟ್ಟಗೆ ಅಂಗಡಿಗೆ ಹೋಗಿ, ಮೇಜಿನ ಖಾನೆ ಎಳೆದಳು. ಗುಂಡಿಗಳ ನಡುವೆ ಬೆಂಕಿಪೊಟ್ಟಣ ಸಿಕ್ಕಿತು.

"ಇದೇನ್ರಿ?"

"ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ಹೊತ್ತಿಸಬ್ಯಾಡವೇನೆ? ಬಾಯಿಂದ ಬೆಂಕಿ ಉಗುಳಲೇನು?"

ಆಶಾರಾಣಿ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. "ಲಿಂಗ ಮುಟ್ಟೀರಿ. ನಂಬ್ತೀನಿ. ಆದ್ರೆ ಸೇದಿದ್ದು ಗೊತ್ತಾತು ಅಂದ್ರೆ ಲೋಕಿಕೆರೆಗೆ ತವರುಮನಿಗೆ ಹೋಗ್ತೀನಿ. ಕರಿಯಾಕೆ ಬರಬ್ಯಾಡ್ರಿ." ನಂಬುತ್ತೇನೆ ಅನ್ನುವಾಗ ಅವಳು ಅವನ ಕಡೆ ನೋಡಲಿಲ್ಲ.

ಮಾಡಿದ ತಪ್ಪಿಗೆ ಬೈಸಿಕೊಳ್ಳುವುದು ಬೇರೆ, ಮಾಡದ್ದಕ್ಕೆ ಬೈಸಿಕೊಳ್ಳುವುದು ಬೇರೆ. ಮರುದಿನ ಮಧ್ಯಾಹ್ನ ಯಂತ್ರ ತುಳಿಯಲು ಹೋದವನಿಗೆ ಹೆಬ್ಬೆರಳಲ್ಲಿ ಕಾದ ಸೂಜಿ ಚುಚ್ಚಿದಂತಾಯಿತು. ಕರಿಬಸವರಾಜನ ತಲೆ ಕೆಟ್ಟಿತು. ಕದಿಯದೆ ಕಳ್ಳ ಅನ್ನಿಸಿಕೊಂಡಾಯಿತು, ಇನ್ನು ಕದ್ದರೇನು? ಹೇಗೂ ಕಾಲು ಹೋಗುವುದೇ. ಕುಂಟುತ್ತಾ ಪಕ್ಕದ ಹಿದಾಯತನ ಚಹದಂಗಡಿಗೆ ಹೋದ.

"ಹಿದಾಯತ್, ಒಂದು ಬೀಡಿ ಕೊಡು."

"ಬ್ಯಾಡ ಭಾಯ್. ಭಾಬಿ ನನ್ನ ಜೀವ ತೆಗೀತಾರೆ."

"ಕೊಡು ಅಂದೆ!" ಅಂತ ತಾನೇ ಕಟ್ಟಿನಿಂದ ಒಂದನ್ನು ಎಳೆದುಕೊಂಡ. ಹೊಸ ಬೀಡಿಯನ್ನು ಮೊದಲು ಮೂಗಿಗೆ ಹಿಡಿಯುವುದು ಅವನ ಹಳೇ ಅಭ್ಯಾಸ. ಬೆರಳಲ್ಲಿ ಹೊಸಕಿ ಮೂಸಿದ.

ಹೊಗೆ ಬಿಟ್ಟ ಮೂಗು ಚುರುಕಾಗಿತ್ತು. ವರ್ಷಗಳಿಂದ ಕಾಣದ ವಾಸನೆಗಳೆಲ್ಲ ಈಚೆಗೆ ಒಂದೊಂದಾಗಿ ಮರಳಿ ಬಂದಿದ್ದವು, ಹೊಸ ಬಟ್ಟೆಯ ಗಂಜಿ, ಹೆಂಡತಿಯ ತಲೆಯೆಣ್ಣೆ, ಬೆಂದ ಜೋಳದ ರೊಟ್ಟಿ. ಈಗ ಮೂಗಿಗೆ ಹತ್ತಿದ ಈ ಘಾಟು ಮಾತ್ರ ಮರಳಿ ಬಂದದ್ದಲ್ಲ. ದಿನಾ ಇದ್ದದ್ದು. ಇವತ್ತು ಬೆಳಿಗ್ಗೆ ಇತ್ತು, ಉಂಡ ಮೇಲೆ ಇತ್ತು. ಲವಂಗದ ಕೆಳಗೆ ಅಡಗಿ ಅವನ ಬಾಯಲ್ಲೇ ಇತ್ತು.

ಬೀಡಿಯನ್ನು ಹಿದಾಯತನ ಮೇಜಿನ ಮೇಲೆ ಇಟ್ಟು ಮನೆಯ ಕಡೆ ನಡೆದ. ಮೀನಖಂಡ ಹಿಡಿದುಕೊಂಡರೂ ನಿಲ್ಲಲಿಲ್ಲ.

ಕೊಟ್ರವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಜೇಬಿನಿಂದ ಡಬ್ಬಿ ತೆಗೆದು ಅವಳ ಮುಂದೆ ಹಿಡಿದ. "ಅವ್ವಾ, ಇದರಾಗ ಏನು ಹಾಕೀಯ?"

ಆಕೆ ಹೆದರಲಿಲ್ಲ. ಗುಟ್ಟು ಹೇಳುವವಳಂತೆ ಹತ್ತಿರ ಸರಿದು ನಕ್ಕಳು. "ಗೊತ್ತಾತೇನು? ನನ್ನ ಪುಡಿನೇ ಸೇರಿಸೀನಿ. ಡಾಕ್ಟ್ರು ಹೊಗೆ ಬ್ಯಾಡ ಅಂದ್ರು, ಪುಡಿ ಬ್ಯಾಡ ಅಂದ್ರೇನು? ನೋಡು, ನಡುಕ ನಿಂತಿಲ್ಲೇನು? ನಿದ್ದಿ ಬಂದಿಲ್ಲೇನು? ನಿಮ್ಮಪ್ಪಗೆ ಕೊಡಾಕೆ ಆಗ ಬುದ್ಧಿ ಬರಲಿಲ್ಲ ನಂಗೆ. ಕೊಟ್ಟಿದ್ರೆ ಉಳೀತಿದ್ರು. ನಿನ್ನ ಉಳಿಸಿಕೊಂಡೆ, ಅಷ್ಟು ಸಾಕು."

ನನ್ನ ಕಾಲು ತಿಂದೆ ನೀನು! ಮಾತು ಹಲ್ಲಿನ ತನಕ ಬಂದಿತ್ತು. ಆದರೆ ತಾಯಿಯ ಮುಖದಲ್ಲಿದ್ದ ಆ ಸಮಾಧಾನವನ್ನು ಅವನು ಅಪ್ಪ ಸತ್ತ ಮೇಲೆ ಕಂಡಿರಲಿಲ್ಲ. ಇನ್ನೂ ಒಂದಿತ್ತು. ಹೊತ್ತು ಹೊತ್ತಿಗೆ ಆ ಡಬ್ಬಿಗೆ ಕೈ ಯಾಕೆ ಹೋಗುತ್ತಿದೆ ಅಂತ ಅವನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳಲು ಮನಸ್ಸಿರಲಿಲ್ಲ. ಮಾತನ್ನು ನುಂಗಿದ.

"ಇನ್ನು ಈ ಪುಡಿ ಬ್ಯಾಡವ್ವ" ಎಂದಷ್ಟೇ ಹೇಳಿ ಬಚ್ಚಲಿಗೆ ಸುರಿದು ಬಂದ.

ಅಷ್ಟರಲ್ಲಿ ಆಶಾರಾಣಿ ಹಿತ್ತಲಿನಿಂದ ಬಂದಳು. ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದ ಗಂಡನನ್ನು ನೋಡಿದಳು. ಅವನ ಬಲಗೈ ಹಿಡಿದೆಳೆದು ಮೂಗಿಗೆ ಹಿಡಿದಳು. ಬೆರಳುಗಳಲ್ಲಿ ಹಸಿ ಬೀಡಿಯ ಘಾಟು.

"ಸೇದಿದ್ರಿ" ಎಂದಳು, ಪಿಸುದನಿಯಲ್ಲಿ.

ಕರಿಬಸವರಾಜ ಹೆಂಡತಿಯನ್ನು ನೋಡಿದ. ಅವಳ ಹಿಂದೆ ಶೇಂಗಾ ಕೈಯಲ್ಲೇ ಹಿಡಿದು ಕುಳಿತ ತಾಯಿಯನ್ನು ನೋಡಿದ. ನಿಜ ಹೇಳಿದರೆ ಸೊಸೆ ಈಗಲೇ, ಈ ಪಡಸಾಲೆಯಲ್ಲೇ, ಮಗನ ಕಾಲು ತಿಂದವಳು ನೀನು ಅನ್ನುತ್ತಾಳೆ. ಆ ಮಾತು ಕೇಳಿದ ಮೇಲೆ ಕೊಟ್ರವ್ವ ಬದುಕುತ್ತಾಳೆಯೇ?

"ಹೌದು. ಸೇದಿದೆ."

"ಎಂದಿನಿಂದ?"

"ಮೊದಲಿಂದ. ಬಿಟ್ಟೇ ಇರಲಿಲ್ಲ."

"ಲಿಂಗ ಮುಟ್ಟಿದ್ರಲ್ರೀ..." ಅವಳು ಅವನ ಕೈ ಬಿಟ್ಟಳು.

ಆಶಾರಾಣಿ ಲೋಕಿಕೆರೆಗೆ ಹೋಗಲಿಲ್ಲ. ಹೋಗಿದ್ದರೇ ವಾಸಿಯಿತ್ತು. ಸಂಜೆ ಬಿಸಿ ನೀರು ತಂದಿಟ್ಟು ಕಾಲು ತೊಳೆದಳು, ಬೆರಳ ಸಂದಿ ಒರೆಸಿದಳು, ಕಾಲುಚೀಲ ಹಾಕಿದಳು. ಒಂದು ಮಾತಿಲ್ಲ. ಬಾಯಿ ಊದ್ರಿ ಅಂತ ಕೇಳುವುದನ್ನೂ ಬಿಟ್ಟಳು. ಲಿಂಗ ಮುಟ್ಟಿ ಸುಳ್ಳಾಡಿದವನ ಬಾಯನ್ನು ಮೂಸಿ ಏನಾಗಬೇಕು?

ಅತ್ತ ನಡುಕ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಅವನು ನಿಜವಾಗಿ ಹೊಗೆಸೊಪ್ಪು ಬಿಟ್ಟದ್ದು ಈಗಲೇ ತಾನೆ! ಈ ಸಲ ಬೈಯುವವರೂ ಇಲ್ಲ, ಕಾಯುವವರೂ ಇಲ್ಲ. ಹಲ್ಲು ಕಚ್ಚಿ ಬಲಗಾಲಲ್ಲೇ ಯಂತ್ರ ತುಳಿದ. ಆಸೆ ಕೊರಳಿಗೆ ಬಂದಾಗ ಎದ್ದು ದೇವಸ್ಥಾನದ ರಸ್ತೆ ಹಿಡಿದ. ಆಮೇಲಾಮೇಲೆ ಎರಡು ಕಟ್ಟೆ ದಾಟಿದರೂ ಮೀನಖಂಡ ಹಿಡಿಯಲಿಲ್ಲ. ಅದನ್ನು ಹೇಳಿಕೊಳ್ಳೋಣವೆಂದರೆ ಕೇಳುವ ಕಿವಿ ಮನೆಯಲ್ಲಿರಲಿಲ್ಲ. ಕೊಟ್ರವ್ವ ಮಗನನ್ನೂ ಸೊಸೆಯನ್ನೂ ಪಿಳಿಪಿಳಿ ನೋಡುತ್ತಾ ಓಡಾಡಿದಳು. ಬಾಯಿ ಊದಿಸಿಕೊಂಡೇ ಒಳಗೆ ಬರುತ್ತಿದ್ದ ಮಗ ಎಲ್ಲಿ ಸೇದಿದ, ಯಾವಾಗ ಸೇದಿದ ಅನ್ನುವುದು ಆಕೆಗೆ ಬಗೆಹರಿಯಲಿಲ್ಲ.

ಮೂರನೆಯ ವಾರ ದಾವಣಗೆರೆಗೆ ಹೊರಟಾಗ ಕೊಟ್ರವ್ವ ತಾನೂ ಬರುತ್ತೇನೆಂದು ಹಟ ಹಿಡಿದು ಬಸ್ಸು ಹತ್ತಿದಳು.

ಡಾಕ್ಟರು ಕಾಲನ್ನು ಒತ್ತಿ, ಮುಟ್ಟಿ, ತುಂಬಾ ಹೊತ್ತು ನೋಡಿದರು. ಆಶಾರಾಣಿ ಗೋಡೆಯ ಕಡೆ ತಿರುಗಿ ಸೆರಗು ಕಚ್ಚಿ ನಿಂತಿದ್ದಳು.

"ಪಾದ ಬೆಚ್ಚಗಾಗೈತೆ" ಎಂದರು ಡಾಕ್ಟರು. "ಕಪ್ಪು ಮೇಲೆ ಹತ್ತಿಲ್ಲ. ಬೆರಳ ತುದಿ ಮಾತ್ರ ಹೋಗ್ತೈತೆ, ಕಾಲು ಉಳೀತು. ಈಗ ನಿಜವಾಗಿ ಬಿಟ್ಟೀರಿ ನೋಡ್ರಿ. ಮೊದಲೇ ಬಿಟ್ಟಿದ್ರೆ ಬೆರಳೂ ಉಳೀತಿತ್ತು."

ಕರಿಬಸವರಾಜ ಕಣ್ಣು ಮುಚ್ಚಿದ. ಆಗ ಮೂಲೆಯಿಂದ ಕೊಟ್ರವ್ವನ ದನಿ ಬಂತು. "ಡಾಕ್ಟ್ರೇ, ಒಂದು ಕೇಳ್ತೀನಿ. ಹಲ್ಲಿಗೆ ತಿಕ್ಕೋ ಹೊಗೆಸೊಪ್ಪಿನ ಪುಡಿನೂ ಕಾಲು ತಿಂತೈತೇನ್ರಿ?"

"ತಿನ್ನದೆ ಏನಜ್ಜಿ? ಹೊಗೆಸೊಪ್ಪು ಯಾವ ಬಾಗಿಲಿಂದ ಒಳಗೆ ಬಂದ್ರೂ ಅದೇ ವಿಷ."

"ಬಿಡು ಬಾರವ್ವ, ಹೋಗೋಣ" ಎಂದು ಕರಿಬಸವರಾಜ ಮೇಜಿನಿಂದ ಇಳಿಯಹೋದ. ಕೊಟ್ರವ್ವ ಅವನನ್ನು ಕೈಯಿಂದ ತಡೆದಳು.

"ಬೀಡಿ ಬಿಟ್ಟಿದ್ದಕ್ಕೆ ಯಾರಾದ್ರೂ ಸಾಯ್ತಾರೇನ್ರಿ?"

"ಬಿಟ್ಟಿದ್ದಕ್ಕೆ ಯಾರೂ ಸಾಯಲ್ಲಜ್ಜಿ. ತೀರಾ ತಡವಾಗಿ ಬಿಟ್ಟೋರು ಸಾಯ್ತಾರೆ."

ಕೊಟ್ರವ್ವ ಸೊಂಟದಿಂದ ಹಿತ್ತಾಳೆ ಡಬ್ಬಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟಳು. "ಹಂಗಾದ್ರೆ ನನ್ನ ಮಗನ ಬೆರಳು ತಿಂದದ್ದು ನಾನು. ಅವಗೆ ಗೊತ್ತಿಲ್ದಂಗೆ ಇದನ್ನ ತಿಕ್ಕಿಸೀನಿ. ಅವ ಬೀಡಿ ಮುಟ್ಟಿಲ್ರಿ. ಲಿಂಗ ಮುಟ್ಟಿ ಹೇಳಿದ್ದು ನಿಜ. ಆಶಾ, ಸೇದೀನಿ ಅಂತ ಸುಳ್ಳು ಹೇಳಿದ್ದು ನನ್ನ ಮಾನ ಮುಚ್ಚಾಕೆ ಕಣವ್ವ." ಅಷ್ಟು ಹೇಳಿ ಮೇಜು ಹಿಡಿದುಕೊಂಡು ಗಳಗಳ ಅತ್ತಳು.

ಆಶಾರಾಣಿ ಗಂಡನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿ ಕಾಲುಚೀಲ ಹಾಕಿಕೊಳ್ಳುತ್ತಿದ್ದ.

ಹರಿಹರದ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು, ಕೊಟ್ರವ್ವ ನಡುವೆ. ಊರು ದಾಟುವಷ್ಟರಲ್ಲಿ ಆಕೆಯ ಕೈ ಸೊಂಟದ ಕಡೆ ಹೋಯಿತು. ಅಲ್ಲಿ ಡಬ್ಬಿ ಇರಲಿಲ್ಲ. ಇನ್ನೊಂದು ಸಲ ಹೋಯಿತು. ಸ್ವಲ್ಪ ಹೊತ್ತಿಗೆ ಬೆರಳುಗಳು ತಾವಾಗಿ ನಡುಗತೊಡಗಿದವು. ಕರಿಬಸವರಾಜ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಹೆಂಗಾಗ್ತೈತೆ ಅಂತ ನಂಗೆ ಗೊತ್ತವ್ವ. ತಡ್ಕೋ."

ಆಶಾರಾಣಿ ಅತ್ತೆಯ ತಲೆಯ ಮೇಲಿಂದ ಗಂಡನನ್ನು ನೋಡಿದಳು. ಮೂರು ವಾರಗಳ ಮೇಲೆ ಬಾಯಿ ಬಿಟ್ಟಳು. "ನಿಮಗೆ ಮನಿಗೆ ಹೋದ ಮ್ಯಾಲೆ ಐತೆ." ಚೀಲದಲ್ಲಿ ಕೈಯಾಡಿಸಿ ಕಲ್ಲುಸಕ್ಕರೆಯ ಪೊಟ್ಟಣ ತೆಗೆದು ಗಂಡನಿಗೊಂದು, ಅತ್ತೆಗೊಂದು ಹರಳು ಕೊಟ್ಟಳು. "ಇವತ್ತಿಂದ ಇಬ್ರೂ ಬಾಯಿ ಊದ್ಬೇಕು. ಅತ್ತಿ, ನೀವೇ ಮೊದ್ಲು."

ಕೊಟ್ರವ್ವ ಕಣ್ಣೀರು ಒರೆಸಿಕೊಳ್ಳದೆ ಅಲ್ಲೇ, ತುಂಬಿದ ಬಸ್ಸಿನಲ್ಲೇ, ಸೊಸೆಯ ಮುಖಕ್ಕೆ ಉಫ್ ಎಂದು ಊದಿದಳು.

"ಇನ್ನೂ ನಾರ್ತೈತೆ" ಎಂದಳು ಆಶಾರಾಣಿ, ಅತ್ತೆಯ ಕಣ್ಣನ್ನು ತನ್ನ ಸೆರಗಿನಿಂದ ಒರೆಸುತ್ತಾ.