ಹಲಗೆ ಬಾರಿಸಿದವನ ಅರ್ಜಿ

ಬಳ್ಳಾರಿ ಕೋರ್ಟಿನಲ್ಲಿ ವಕೀಲರ ಗುಮಾಸ್ತನಾಗಿ ಮೂವತ್ತು ವರ್ಷ ಸವೆದವನು ನಾನು. ಮನುಷ್ಯರ ಸಣ್ಣತನ ನನಗೆ ಹೊಸದಲ್ಲ. ಆದರೂ ಕುರುಗೋಡಿನ ಹತ್ತಿರದ ಆ ಹಳ್ಳಿಯವರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಊರಿಗೆ ಸಿಹಿನೀರಿನ ಬಾವಿ ಒಂದೇ, ಅದು ಇನಾಮದಾರರ ತೋಟದಲ್ಲಿತ್ತು. ನಲವತ್ತೇಳರಲ್ಲಿ ಅವರು ತೋಟಕ್ಕೆ ಬೀಗ ಜಡಿದರು. ಚಿದಾನಂದಪ್ಪ ಎಂಬ ರೈತ ನಮ್ಮ ವಕೀಲರ ಬಳಿ ಓಡಿ ಬಂದ. ಊರಿನ ಸಮಸ್ತ ಜನರ ಪರವಾಗಿ ಅವನೊಬ್ಬನ ಹೆಸರಿನಲ್ಲಿ ದಾವೆ ಹೂಡಿದೆವು. ಹಾಗೆ ಎಲ್ಲರ ಪರವಾಗಿ ಹೂಡಿದರೆ ಊರಿಗೆಲ್ಲ ಡಂಗುರ ಸಾರಬೇಕೆಂಬುದು ಕೋರ್ಟಿನ ಕಟ್ಟಳೆ. ಹೊಲೆಗೇರಿಯ ದುರುಗಪ್ಪ ಹಲಗೆ ಬಾರಿಸಿದ. "ಊರಿನ ಸಮಸ್ತ ಜನರಲ್ಲಿ ಯಾರಿಗೆ ಬೇಕೋ ಅವರು ಕೋರ್ಟಿಗೆ ಬಂದು ಸೇರಬಹುದು" ಎಂದು ನಾನು ಹೇಳಿಕೊಟ್ಟದ್ದನ್ನೇ ಓಣಿ ಓಣಿಯಲ್ಲಿ ಕೂಗಿದ.

ನಲವತ್ತೊಂಬತ್ತರಲ್ಲಿ ಊರು ಗೆದ್ದಿತು, ಬೀಗ ತೆರೆಯಿತು. ಆದರೆ ಕೇರಿಯವರು ಹಗ್ಗ ಮುಟ್ಟುವಂತಿರಲಿಲ್ಲ. ದುರುಗಪ್ಪನ ಹೆಂಡತಿ ಎಲ್ಲಮ್ಮ ಬಾವಿಯಿಂದ ದೂರ ಕೊಡ ಇಟ್ಟುಕೊಂಡು, ಯಾರಾದರೂ ಎತ್ತಿ ಹೊಯ್ಯಲಿ ಎಂದು ಕಾಯಬೇಕು. ಒಂದು ದಿನ ಮಧ್ಯಾಹ್ನದವರೆಗೂ ಕಾದಳು. ಚಿದಾನಂದಪ್ಪನ ಹೆಂಡತಿ ವಿರೂಪಮ್ಮ ಉಳಿದ ನೀರಿನಲ್ಲಿ ತನ್ನ ಕಾಲು ತೊಳೆದುಕೊಂಡು ಹೋದಳು.

ಇನಾಮದಾರರು ಜಿಲ್ಲಾ ಕೋರ್ಟಿಗೆ ಅಪೀಲು ಹೋದಾಗ ದುರುಗಪ್ಪ ನನ್ನ ಮುಂದೆ ಬಂದು ನಿಂತ.

"ವೆಂಕಣ್ಣಾರ, ಆ ಅಪೀಲಿನ್ಯಾಗ ನಾನೂ ಸೇರ್ತೀನ್ರಿ."

"ಲೇ, ಸಮಸ್ತ ಜನ ಅನ್ನೋದು ಕಾಗದದಲ್ಲಿ ಬರಿಯೋ ಮಾತಲೇ," ಎಂದು ನಕ್ಕೆ.

"ಬರಿಯೋ ಮಾತಾದ್ರ ನನ್ನ ಬಾಯಿಲೆ ಯಾಕ ಕೂಗಿಸಿದ್ರಿ? ನನ್ನ ಹೆಣ್ತಿ ತನ್ನ ಕೈಲೆ ಒಂದು ಕೊಡ ಸೇದಬೇಕ್ರಿ. ಅಷ್ಟ."

ನಾನು ಅವನನ್ನು ಸಾಗಹಾಕಿದೆ. ಅವನು ಕಂಟೋನ್ಮೆಂಟಿನ ಒಬ್ಬ ಎಳೆಯ ವಕೀಲನನ್ನು ಹುಡುಕಿ, ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಅರ್ಜಿ ಹಾಕಿಯೇಬಿಟ್ಟ.

ಅರ್ಜಿ ಓದಿದ ಜಡ್ಜರು ನಮ್ಮ ವಕೀಲರನ್ನು ಒಂದೇ ಪ್ರಶ್ನೆ ಕೇಳಿದರು: "ಇವನು ನಿಮ್ಮ ಸಮಸ್ತ ಜನರಲ್ಲಿ ಒಬ್ಬನೋ, ಅಲ್ಲವೋ?" ಹೌದು ಎಂದರೆ ಅವನೂ ನೀರು ಸೇದುತ್ತಾನೆ. ಅಲ್ಲ ಎಂದರೆ ನಮ್ಮ ದಾವೆಯೇ ಸುಳ್ಳಾಗುತ್ತದೆ. ನಮ್ಮ ವಕೀಲರು ಬೆವರು ಒರೆಸಿಕೊಂಡು ಹದಿನೈದು ದಿನದ ವಾಯಿದೆ ಕೇಳಿದರು.

ಆ ಹದಿನೈದು ದಿನದಲ್ಲಿ ಚಿದಾನಂದಪ್ಪ ಸಿರುಗುಪ್ಪದಲ್ಲಿದ್ದ ಇನಾಮದಾರರ ಮನೆಗೆ ಹೋಗಿ ಕಾಲಿಗೆ ಬಿದ್ದ. ಗೆದ್ದವನು ಸೋತವನ ಕಾಲಿಗೆ! ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡುವುದೆಂದರೆ ಇದೇ. ಬಾವಿ ಇನಾಮದಾರರ ಸ್ವಂತದ್ದು, ಊರಿನವರಿಗೆ ಯಾವ ಹಕ್ಕೂ ಇಲ್ಲ, ರೈತರ ಮನೆಯವರು ಅವರ ಕೃಪೆ ಇರುವವರೆಗೆ ನೀರು ಸೇದಬಹುದು ಎಂದು ರಾಜಿ ಪತ್ರವಾಯಿತು. ಅದನ್ನು ಶುದ್ಧ ಪ್ರತಿ ಮಾಡಿದವನು ನಾನೇ. ಅಪೀಲು ಮುಗಿಯಿತು. ಅಪೀಲೇ ಇಲ್ಲದ ಮೇಲೆ ದುರುಗಪ್ಪನ ಅರ್ಜಿಯೂ ಬಿದ್ದುಹೋಯಿತು.

ರಾಜಿಯನ್ನು ಊರಿಗೆ ಸಾರಬೇಕೆಂದು ಆಜ್ಞೆಯಾಯಿತು. ಹಲಗೆ ಬಾರಿಸಲು ಬೇರೆ ಯಾರಿದ್ದಾರೆ? ನಾನು ಕಾಗದ ಓದಿದೆ.

"ಇನ್ನೊಮ್ಮಿ ಓದ್ರಿ," ಎಂದ ದುರುಗಪ್ಪ. ಓದಿದೆ.

ಊರಲ್ಲೆಲ್ಲ ಸಾರಿದ ಮೇಲೆ ಅವನು ಕೇರಿಗೂ ನಡೆದ. ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತಿದ್ದ ಎಲ್ಲಮ್ಮ ಕೇಳಿದಳು: "ಇಲ್ಲಿ ಯಾರಿಗೆ ಸಾರಾಕತ್ತಿ?"

ಅವನು ಅವಳ ಮುಖ ನೋಡದೆ ಪೂರ್ತಿ ಕೂಗಿ ಮುಗಿಸಿದ. ನನಗೆ ನಾಚಿಕೆಯಾಯಿತು, ಆದರೆ ನನ್ನ ನಾಚಿಕೆಯಿಂದ ಅವಳ ಕೊಡ ತುಂಬಲಿಲ್ಲ.

ಮರು ಬೇಸಿಗೆಗೆ ಇನಾಮದಾರರ ಕೃಪೆ ತೀರಿತು, ಬೀಗ ಮತ್ತೆ ಬಿತ್ತು. ಈಗ ಇಡೀ ಊರು ಎರಡು ಮೈಲಿ ನಡೆದು ಹಳ್ಳದಲ್ಲಿ ಒರತೆ ತೋಡಬೇಕು. ಬಳ್ಳಾರಿಗೆ ಬಂದಿದ್ದ ಚಿದಾನಂದಪ್ಪನನ್ನು, "ಈಗೇನು ಮಾಡ್ತಿಯಪ್ಪ?" ಎಂದು ಚುಚ್ಚಿದೆ.

"ನೀರು ಹೋದ್ರ ಹೋಗ್ಲಿ ಬಿಡ್ರಿ," ಎಂದ ಅವನು ನೆಮ್ಮದಿಯಾಗಿ. "ಬಾವಿ ಮೈಲಿಗಿ ಆಗ್ಲಿಲ್ಲಲ್ಲ."

ಹಳ್ಳದಲ್ಲಿ ವಿರೂಪಮ್ಮನ ಕೊಡ ತುಂಬುವವರೆಗೂ ಎಲ್ಲಮ್ಮ ಕೆಳಗಡೆ ದೂರ ನಿಂತು ಕಾಯುತ್ತಾಳಂತೆ.