ಹಿಮ್ಮಡಿಯ ನೀರು

ಬಿಳಿ ಬೂಟು, ಅಂಚಿಗೆ ಕೆಸರು ಏರುತ್ತಿದೆ, ಇನ್ನೇನು ಬಿಚ್ಚುತ್ತಾನೆ, ಬಿಚ್ಚಲಿ — ಹೇಮಾ ಮಟ್ಟ ನೋಡುವ ಯಂತ್ರಕ್ಕೆ ಕಣ್ಣು ಹಚ್ಚುತ್ತಾಳೆ, ಹಳೆಯ ಯಂತ್ರ, ಗಾಜಿನೊಳಗೆ ಎಲ್ಲವೂ ತಲೆಕೆಳಗು, ಕೆಂಪು ಬಿಳಿ ಪಟ್ಟಿಯ ಅಳತೆಗೋಲು, ಅದನ್ನು ಹಿಡಿದ ಕೈ, ಎರಡು ಚಿನ್ನದುಂಗುರ, ಜೋತುಬಿದ್ದ ಹಾಗೆ ಪರಮೇಶಪ್ಪನ ಮಗ ರುದ್ರೇಶ. ಮೇಡಂ, ಬೂಟು ಕೆಡ್ತಾವ್ರಿ, ಬಿಚ್ಚಲೇನ್ರಿ? ಬಿಚ್ರಿ, ಕೋಲು ಮಾತ್ರ ಅಲುಗಾಡಬಾರದು ನೋಡ್ರಿ. ಕೋಲು ಹಿಡಿಯಬೇಕಾದ ಚನ್ನೇಶನನ್ನು ಅವಳೇ ಹನ್ನೊಂದೂವರೆಗೆ ಊಟಕ್ಕೆ ಕಳಿಸಿದ್ದಾಳೆ, ಇಷ್ಟ ಲಗೂ ಹಸಿವಿಲ್ರಿ ಅಕ್ಕಾರ ಎಂದ, ಹೋಗಪಾ, ಆಮ್ಯಾಲೆ ಪುರಸೊತ್ತಿರೂದಿಲ್ಲ ಎಂದಳು, ಅವನು ಒಡ್ಡು ಇಳಿದು ಮರೆಯಾದ ಮೇಲೆ ಕಂತ್ರಾಟದಾರ ರುದ್ರೇಶನ ಕಡೆ ತಿರುಗಿ, ಒಂದೀಟು ಹಿಡೀತೀರೇನ್ರಿ. ನಯವಾಗಿ ಕೇಳಿದಳು, ಹಿಡಿದ. ಓದಬೇಕಾದ ಅಂಕಿ ಓದಿ ಆರು ನಿಮಿಷವಾಯಿತು. ಸಾಕು ಎಂದು ಅವಳು ಹೇಳಿಲ್ಲ.

ಇದೇ ಜಾಗ, ಕೆರೆಯ ಒಡ್ಡಿನ ಬುಡ, ತೂಬಿನಿಂದ ಹದಿನಾಲ್ಕು ಹೆಜ್ಜೆ, ಅವಳಿಗೆ ಆಗ ಏಳು ವರ್ಷ, ಕೆರೆಯ ತೂಬು ಕಾಯುತ್ತಿದ್ದ ಅಪ್ಪ ಮಾಳಪ್ಪ ತೂಬು ಎತ್ತುವ ಕೋಲನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ, ಬೆಳಗಿನಿಂದ ಮಧ್ಯಾಹ್ನದವರೆಗೆ, ನಿಂದ್ರು ಮಗನ, ಊರ ನೋಡ್ಲಿ ಅಂದಿದ್ದ ಊರಗೌಡ ಪರಮೇಶಪ್ಪ. ಆ ನಸುಕಿನಲ್ಲಿ ಭೂಮಿ ನಡುಗಿತ್ತು, ಮಾಡದ ಮೇಲಿನ ತಾಟುಗಳು ಒಂದಕ್ಕೊಂದು ಬಡಿದದ್ದು ಇನ್ನೂ ಕಿವಿಯಲ್ಲಿದೆ, ಒಡ್ಡಿನ ಮಗ್ಗಲು ಕುಸಿದು ನೀರು ನಾಲ್ಕು ಹೊಲ ಹಾಯ್ದಿತ್ತು, ಹಿಂದಿನ ಸಂಜೆ ಕೆರೆ ತುಂಬಿದಾಗಲೇ ತೂಬು ಎತ್ತಿದ್ದರೆ ಭಾರ ಇಳಿದು ಒಡ್ಡು ಉಳೀತಿತ್ತು, ಇಂವಾ ಕುಡದು ಮಕ್ಕೊಂಡ ಎಂಬುದು ಪರಮೇಶಪ್ಪನ ಮಾತು — ಎತ್ತಿದ್ದನೋ ಇಲ್ಲವೋ ನೋಡಿ ಹೇಳುವ ಹಾಗಿರಲಿಲ್ಲ, ತೂಬು ಕುಸಿದ ಮಣ್ಣಿನ ಅಡಿ ಹೂತುಹೋಗಿತ್ತು. ಅವಳು ಅಪ್ಪನ ಮುಖ ನೋಡಲಿಲ್ಲ, ನೋಡಲಾಗಲಿಲ್ಲ, ಕಾಲು ನೋಡಿದಳು. ಅಪ್ಪ ಭಾರ ತಾಳದೆ ಕಾಲು ಬದಲಿಸುತ್ತಾನೆ, ಹಿಮ್ಮಡಿ ಊರಿದಲ್ಲಿ ಗುಳಿ, ಗುಳಿಯಲ್ಲಿ ಕೆಳಗಿನಿಂದ ನೀರು ಏರುತ್ತದೆ, ನೀರಿನಲ್ಲಿ ಸಣ್ಣ ಸಣ್ಣ ಉಸುಕು ಕುಣಿಯುತ್ತದೆ.

ಜೀಪಿನ ಮುಂಭಾಗದ ಮೇಲೆ ಲ್ಯಾಪ್‌ಟಾಪ್ ಬಿಸಿಯಾಗಿದೆ, ಲೆಕ್ಕ ನಡೆದಿದೆ, ಪರದೆಯ ಮೇಲೆ ಒಡ್ಡನ್ನು ಕಲ್ಲಂಗಡಿ ಕೊಯ್ದ ಹಾಗೆ ಅಡ್ಡ ಕೊಯ್ದು ಎರಡು ಸಾವಿರ ಮುಕ್ಕೋನ ಮಾಡಿದ್ದಾಳೆ, ಒಂದೊಂದರಲ್ಲೂ ನೀರಿನ ಒತ್ತಡ, ನೆಲ ನಡುಗಿದ ಒಂದೊಂದು ಸೆಕೆಂಡನ್ನು ನೂರು ಚೂರು ಮಾಡಿ ಒಂದೊಂದು ಚೂರಿಗೂ ಲೆಕ್ಕ. ಎರೆಮಣ್ಣಾದರೆ ಹಿಡಿದು ನಿಲ್ಲುತ್ತದೆ, ಸಡಿಲಾದ ಉಸುಕು ನಡುಗಿದಾಗ ಕುಗ್ಗಲು ನೋಡುತ್ತದೆ, ನಡುವಿನ ನೀರಿಗೆ ಹೊರಗೆ ಹೋಗಲು ವೇಳೆ ಇಲ್ಲ, ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ, ಉಸುಕಿನ ಕಾಳುಗಳು ಒಂದನ್ನೊಂದು ಬಿಟ್ಟು ತೇಲುತ್ತವೆ, ಮಣ್ಣು ಅಂಬಲಿಯಾಗುತ್ತದೆ. ತೂಬು ಮುಚ್ಚಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕ ಹೋದ ವಾರವೇ ಮುಗಿದಿದೆ, ಹನ್ನೊಂದನೇ ಸೆಕೆಂಡಿಗೆ ಕುಸಿತ. ಈಗ ಓಡುತ್ತಿರುವುದು ಇನ್ನೊಂದು, ಸಂಜೆಯೇ ತೂಬು ಎತ್ತಿದ್ದರೆ. ಇದರಲ್ಲಿ ಒಡ್ಡು ನಿಂತುಬಿಟ್ಟರೆ — ನಿಂತುಬಿಟ್ಟರೆ ಪರಮೇಶಪ್ಪ ಹೇಳಿದ್ದೇ ನಿಜ, ಅವಳೇ ತನ್ನ ಕೈಯಾರೆ ಅದನ್ನು ಬರೆದುಕೊಡಬೇಕು. ನಾಲ್ಕನೇ ಸೆಕೆಂಡು. ಪರದೆಗೆ ಬಿಸಿಲು ಬೀಳದ ಹಾಗೆ ಸೆರಗು ಮರೆ ಹಿಡಿಯುತ್ತಾಳೆ.

ಮೇಡಂ, ಈ ಒಡ್ಡಿಗೆ ಏನೂ ಆಗಿಲ್ರಿ, ಮ್ಯಾಲೆ ಕಲ್ಲು ಹಾಸಿದ್ರ ಮುಗೀತು, ಹಂಗ ಬರದ ಬಿಡ್ರಿ, ಹಿಂದಕ ಒಮ್ಮೆ ಕುಸಿದಿತ್ತು, ಅದು ಮಣ್ಣಿಂದಲ್ಲ, ಮನಷ್ಯಾಂದು, ಮಾಳ್ಯಾ ಅಂತ ಒಬ್ಬ ತೂಬು ಕಾಯಂವ ಇದ್ನಂತ್ರಿ, ಭೂಮಿ ನಡುಗಿದ್ರ ನಮ್ಮವ್ವ ತೊಟ್ಟಲಾ ತೂಗಾಕತ್ತಾಳ ಅಂತ ಮಗ್ಗಲಾ ಬದಲಿಸಿ ಮಲಗಿದ್ನಂತ, ಹ್ಹೆ ಹ್ಹೆ. ಅವಳೂ ನಗುತ್ತಾಳೆ, ತುಟಿ ಅಷ್ಟೇ ಬಿಚ್ಚಿ, ಇವನಿಗೆ ಅವಳು ಹಾವೇರಿಯಿಂದ ಬಂದ ಇಂಜಿನಿಯರ್ ಮೇಡಂ, ಒಡ್ಡು ಕುಸಿದ ತಿಂಗಳೇ ಗಂಟುಮೂಟೆ ಕಟ್ಟಿ ಹಿರೇಕೆರೂರಿನ ಬಸ್ಸು ಹತ್ತಿದ ಅವಳ ಮನೆಯವರ ಹೆಸರು ಇಲ್ಲಿ ಈ ನಗೆಯಲ್ಲಷ್ಟೇ ಉಳಿದಿದೆ. ಅವಳೇ ಕೇಳುತ್ತಾಳೆ, ಆ ಭೂಮಿ ನಡುಗೂದಕ್ಕ ಹಿಂದಿನ ವರ್ಷ ಇಲ್ಲೊಂದು ಕಡೆ ಒಡೆದಿತ್ತಂತಲ್ರಿ, ಯಾರು ಕಟ್ಟಿಸಿದ್ರು? ನಮ್ಮಪ್ಪಾರ್ರಿ, ಮತ್ಯಾರು, ಎರಡ ದಿನದಾಗ, ಎರೆಮಣ್ಣು ತರಾಕ ಸವಣೂರ ಕಡೆ ಹೋಗಬೇಕಿತ್ತು, ಇಲ್ಲೇ ಹಳ್ಳದಾನ ಉಸುಕು ಅರವತ್ತು ಚಕ್ಕಡಿ ಸುರಿಸಿ ಮ್ಯಾಲೆ ಮಣ್ಣು ಬಳಿಸಿದ್ರು, ಹಂಗಿದ್ರು ನೋಡ್ರಿ ಆ ಕಾಲದ ಮಂದಿ! ಹೌದ್ರಿ, ಭಾಳ ದೊಡ್ಡ ಕೆಲಸ, ವರದಿಯೊಳಗ ಅವರ ಹೆಸರು ಹಾಕೂಣ, ನೀವು ಹೇಳಿದ್ದು ಅಂತ ಒಂದು ಸಹಿ ಮಾಡ್ರಿ. ಮಾಡ್ತೇನಿ ತಗೋರ್ರಿ, ಎರಡು ಮಾಡ್ತೇನಿ. ಅವಳು ಕೊರೆಸಿದ ಕೊಳವೆಯಲ್ಲಿ ಹದಿನೆಂಟು ಅಡಿ ಉಸುಕು ಬಂದಿದೆ, ಇಲ್ಲೇ ಯಾಕ್ರಿ ಕೊರೆಯೂದು ಎಂದು ಚನ್ನೇಶ ಕೇಳಿದ್ದ, ಅವಳು ಹಿಮ್ಮಡಿ ಊರಿ ಜಾಗ ತೋರಿಸಿದ್ದಳು.

ಬೆಳಿಗ್ಗೆ ಅವ್ವ ಗುತ್ತೆವ್ವ ಫೋನು ಮಾಡಿದ್ದಳು, ಆ ಊರ ನೀರ ಕುಡೀಬ್ಯಾಡವಾ, ಬಾಟ್ಲಿ ಒಯ್ದೀ ಏನ? ಅಷ್ಟೇ. ಅಪ್ಪ ಸತ್ತು ಒಂಬತ್ತು ವರ್ಷ, ಆಸ್ಪತ್ರೆಯ ಮಂಚದ ಮೇಲೆ ಅವ್ವನ ಕೈ ಹಿಡಿದು ಕೇಳುತ್ತಿದ್ದ, ಎತ್ತಿದ್ದೆ ಅಲ್ಲೇನ ಗುತ್ತಿ, ಸಂಜೀಕ ಎತ್ತಿದ್ದೆ, ಇಲ್ಲ, ಎತ್ತಿದ್ನೋ ಇಲ್ಲೋ, ನೀ ನೋಡಿದ್ದಿ ಅಲ್ಲೇನ, ಹೇಳು — ಊರೆಲ್ಲ ಸೇರಿ ಅಷ್ಟು ಸಲ ಹೇಳಿದ ಮೇಲೆ ಅವನಿಗೇ ತನ್ನ ಕೈಯ ಮೇಲೆ ನಂಬಿಕೆ ಹೋಗಿತ್ತು. ಪರದೆಯಲ್ಲಿ ಒಂಬತ್ತನೇ ಸೆಕೆಂಡು. ಹತ್ತು. ಬುಡದಲ್ಲಿ ಕೆಂಪು ಕಾಣಿಸಿತು, ಮೇಲಕ್ಕೆ ಹಬ್ಬಿತು, ಹನ್ನೊಂದು, ಮುಕ್ಕೋನಗಳು ಜಾರಿದವು. ಅದೇ ಸೆಕೆಂಡು. ಅವಳು ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ನೋಡುತ್ತಾಳೆ, ರಾತ್ರಿಯಿಡೀ ತೂಬು ತೆರೆದಿದ್ದರೂ ಕೆರೆ ಇಳಿಯುತ್ತಿದ್ದದ್ದು ನಾಲ್ಕು ಬೆರಳು, ಒಡ್ಡಿನ ಹೊಟ್ಟೆಯೊಳಗಿನ ತೇವ ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. ಎತ್ತಿದ್ದರೂ ಅಷ್ಟೇ. ಎತ್ತದಿದ್ದರೂ ಅಷ್ಟೇ. ಮಲಗಿದ್ದರೂ, ಅಪ್ಪಾ, ಮಲಗಿದ್ದರೂ.

ಈಗ ಹೇಳಬೇಕು, ಎಷ್ಟು ವರ್ಷದಿಂದ ಕಟ್ಟಿಟ್ಟ ಮಾತು, ನಾನು ಮಾಳಪ್ಪನ ಮಗಳು, ನಾಳೆ ವರದಿ ಓದುವಾಗ ನಿಮ್ಮಪ್ಪನ್ನೂ ಕರಕೊಂಬರ್ರಿ, ನಿಂತು ಕೇಳಲಿ — ನಾಲಗೆ ಒಣಗಿದೆ, ಬಾಟಲಿ ಜೀಪಿನಲ್ಲಿದೆ. ಎಷ್ಟೊತ್ರಿ ಮೇಡಂ ಇನ್ನೂ, ಕಾಲು ಜೋಮು ಹಿಡದಾವ. ಒಡ್ಡಿನ ಮೇಲೆ ಮೂರು ನಾಲ್ಕು ಮಂದಿ ಸೇರಿದ್ದಾರೆ, ಯಾರೋ ನಗುತ್ತಾರೆ, ಏನ್ರಿ ಗೌಡ್ರ, ಕೋಲು ಹಿಡಿಯೂ ಕೆಲಸ ಸಿಕ್ತೇನ್ರಿ, ಅವನ ಕಿವಿ ಕೆಂಪಾಗುತ್ತದೆ. ನಿಂದ್ರಿ, ಮುಗೀಲಿ. ನಿಂತ. ಅವಳ ಕಣ್ಣು ಯಂತ್ರ ಬಿಟ್ಟು ಅವನ ಮುಖಕ್ಕೆ ಹೋಗಬೇಕಿತ್ತು, ಹೋಗುವುದಿಲ್ಲ, ಕೆಳಗಿಳಿಯುತ್ತದೆ, ಬರಿಗಾಲು, ಬೆಳ್ಳಗಿನ ಹಿಮ್ಮಡಿ, ಅವನು ಭಾರ ತಾಳದೆ ಕಾಲು ಬದಲಿಸುತ್ತಾನೆ, ಗುಳಿ, ಗುಳಿಯಲ್ಲಿ ಕೆಳಗಿನಿಂದ ನೀರು, ನೀರಿನಲ್ಲಿ ಉಸುಕು, ಸಣ್ಣ ಸಣ್ಣ ಉಸುಕು, ಕುಣಿಯುತ್ತ —